ನೋವಿನ ಗುಳಿಗೆಗೆ ಕೆಂಪು ಚೀಟಿ ಅಂಟಿಸಿ ಕಳುಹಿಸುವುದನ್ನು ನಿಷೇಧಿಸುವ ಬಗ್ಗೆ

ಕಡತ ಚಲನೆ ಶಾಖೆ
ಎರಡನೇ ಮಹಡಿ, ಮೆಟ್ಟಿಲು ಮುಗಿದ ಕೂಡಲೇ ಎಡಕ್ಕೆ

ಸಂಖ್ಯೆ: ಕಚಶಾ / ಸೊಂಟ / ಗುಳಿಗೆ–೪ / ತುರ್ತು
ದಿನಾಂಕ: ಬುಧವಾರ, ಮಧ್ಯಾಹ್ನ ೨.೧೦ರಿಂದ ವರದಿ ಬರುವವರೆಗೆ

ಸುತ್ತೋಲೆ

ವಿಷಯ: ಮೂತ್ರಪಿಂಡದ ಕಸಿಯಾಗಿ, ದೇಹವು ಅದನ್ನು ಹೊರದಬ್ಬದಿರಲೆಂದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುತ್ತಿರುವ ಹಳೆ ದಾಖಲೆ ಕೊಠಡಿಯ ಪಾಲಕರಿಗೆ, ಸಹೋದ್ಯೋಗಿಗಳು ಅನುಕಂಪದ ಭರದಲ್ಲಿ ನೋವಿನ ಗುಳಿಗೆ ಸರಬರಾಜು ಮಾಡುತ್ತಿರುವುದನ್ನು ತಕ್ಷಣದಿಂದ ನಿಲ್ಲಿಸುವ ಕುರಿತು.

ಉಲ್ಲೇಖ:
೧. ಮೂತ್ರಪಿಂಡ ವೈದ್ಯರು ಆರು ವರ್ಷಗಳ ಹಿಂದೆ ನೀಡಿದ ಸೂಚನಾ ಹಾಳೆ. ಹಾಳೆ ಒಂದು, ಬದಿ ಎರಡು. ಮುಂಬದಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಹಿಂಬದಿಯು ದಾಖಲೆ ಕೊಠಡಿಯ ಕಪಾಟಿನ ಬಾಗಿಲಿಗೆ ಅಂಟಿಕೊಂಡಿರುತ್ತದೆ.
೨. ಕಳೆದ ಗುರುವಾರ ಬೆಳಿಗ್ಗೆ ೧೦.೪೦ಕ್ಕೆ ಸದರಿ ಪಾಲಕರ ಸೊಂಟ ಹಿಡಿದುಕೊಂಡದ್ದು.
೩. ಕೆಂಪು ಚೀಟಿಗಳು ಮೂರು. ಗುಳಿಗೆಗಳು ನಾಲ್ಕು.
೪. ಈ ಕಚೇರಿಯವರ ಒಳ್ಳೆಯ ಮನಸ್ಸು, ಅದರಿಂದ ಈವರೆಗೆ ಆಗಿರುವ ಅನಾಹುತಗಳ ಪಟ್ಟಿ ಸಹಿತ.

ಪ್ರಸ್ತಾವನೆ:

ಕೆಂಪು ಚೀಟಿ ಅಂಟಿಸಿದ ಯಾವುದೇ ಕಾಗದವನ್ನು ಸಂಜೆಯ ಗಂಟೆ ಬಾರಿಸುವುದರೊಳಗೆ ವಿಲೇವಾರಿ ಮಾಡತಕ್ಕದ್ದೆಂಬ ಪದ್ಧತಿಯು ಈ ಕಚೇರಿಯಲ್ಲಿ ಬಹುಕಾಲದಿಂದ ಜಾರಿಯಲ್ಲಿದೆ. ಇಪ್ಪತ್ತೆರಡು ವರ್ಷಗಳಿಂದ ಒಂದು ದಿನವೂ ತಪ್ಪದೆ ಇದನ್ನು ಪಾಲಿಸಿದವರು ಇಡೀ ಕಟ್ಟಡದಲ್ಲಿ ಒಬ್ಬರೇ. ಅವರು ಹಳೆ ದಾಖಲೆ ಕೊಠಡಿಯ ಪಾಲಕರು. "ಇವತ್ತೇ" ಎಂಬುದು ಅವರ ಅಡ್ಡಹೆಸರು. ನಾಳೆ ನೋಡೋಣ ಎಂದವರನ್ನು ಅವರು ಜ್ವರ ಬಂದವರನ್ನು ನೋಡುವಂತೆ ನೋಡುತ್ತಾರೆ. ಹಿಂದೊಮ್ಮೆ ಯಾರೋ ಕೀಟಲೆಗೆಂದು ಕಲ್ಲಂಗಡಿ ಹಣ್ಣೊಂದಕ್ಕೆ ಕೆಂಪು ಚೀಟಿ ಅಂಟಿಸಿ ಅವರ ಮೇಜಿನ ಮೇಲಿಟ್ಟು ಹೋಗಿದ್ದರು. ಪಾಲಕರು ಸಂಜೆಯೊಳಗೆ ಒಬ್ಬರೇ ಕೂತು ಅಷ್ಟೂ ತಿಂದು, ಬೀಜಗಳನ್ನು ಲಕೋಟೆಗೆ ತುಂಬಿ, "ಕ್ರಮ ಕೈಗೊಳ್ಳಲಾಗಿದೆ" ಎಂದು ಬರೆದು ವಾಪಸ್ ಕಳುಹಿಸಿದ್ದು ದಾಖಲೆಯಲ್ಲಿದೆ. ಆಗ ಅವರ ಸ್ವಂತ ಮೂತ್ರಪಿಂಡಗಳು ಎರಡೂ ಕೆಲಸದಲ್ಲಿದ್ದವು.

ಸದರಿ ಪಾಲಕರು ಕೆಳಸಹಿದಾರರ ಒಡಹುಟ್ಟಿದ ತಮ್ಮನೂ ಆಗಿರುತ್ತಾರೆ. ಆರು ವರ್ಷಗಳ ಹಿಂದೆ ಅವರ ಎರಡೂ ಮೂತ್ರಪಿಂಡಗಳು ಒಟ್ಟೊಟ್ಟಿಗೆ ಕೈಕೊಟ್ಟ ಪ್ರಯುಕ್ತ, ಕೆಳಸಹಿದಾರರ ಎಡ ಮೂತ್ರಪಿಂಡವನ್ನು ಅವರಿಗೆ ಕಾಯಂ ವರ್ಗಾವಣೆ ಮಾಡಲಾಯಿತು. ಅದನ್ನು ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ ಕೂರಿಸಲಾಗಿದ್ದರೂ ಹಳೆ ಹುದ್ದೆಯ ಹೆಸರಿನಲ್ಲೇ ಎಡ ಮೂತ್ರಪಿಂಡವೆಂದು ಮುಂದುವರಿದಿದೆ. ಹೊರಗಿನಿಂದ ಬಂದವರನ್ನು ಓಡಿಸುವುದು ದೇಹದ ಕಾವಲಿನವರ ಹುಟ್ಟುಗುಣ. ಅಕ್ಕನದೋ ಅನ್ಯರದೋ ಎಂದು ಅವರು ವಿಚಾರಿಸುವುದಿಲ್ಲ. ಆದ್ದರಿಂದ ಆ ಕಾವಲಿನವರನ್ನು ತೂಕಡಿಸುವಂತೆ ಮಾಡುವ ಗುಳಿಗೆಯನ್ನು ತಮ್ಮನು ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ, ಬದುಕಿರುವವರೆಗೂ ನುಂಗತಕ್ಕದ್ದಾಗಿದೆ.

ಹೀಗಿರುವಲ್ಲಿ, ಕಳೆದ ಗುರುವಾರ ಪಾಲಕರು ಮೇಲಿನ ಕಪಾಟಿನಿಂದ ಹತ್ತೊಂಬತ್ತು ವರ್ಷಗಳಿಂದ ಯಾರೂ ಕೇಳದ ಕಟ್ಟೊಂದನ್ನು, ಅಂದೂ ಯಾರೂ ಕೇಳದಿದ್ದಾಗ್ಯೂ, ಇಳಿಸಲು ಹೋಗಿ ಸೊಂಟ ಹಿಡಿಸಿಕೊಂಡರು. ಸುದ್ದಿಯು ನಾಲ್ಕು ನಿಮಿಷದಲ್ಲಿ ಮೂರು ಮಹಡಿ ಹತ್ತಿತು. ಅದೇ ದೂರಕ್ಕೆ ಒಂದು ಸಾಮಾನ್ಯ ಕಡತವು ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಊಟದ ವಿರಾಮದೊಳಗೆ ಪಾಲಕರ ಮೇಜಿನ ಮೇಲೆ ಮೂರು ಬಿಡಿ ಗುಳಿಗೆಗಳು, ಒಂದೊಂದಕ್ಕೂ ಒಂದೊಂದು ಕೆಂಪು ಚೀಟಿ ಸಹಿತ, ಸ್ವೀಕೃತವಾದವು. ಕಚೇರಿಯವರೆಲ್ಲ ಚಿಕ್ಕಮ್ಮ ಎಂದೇ ಕರೆಯುವ ಟಪಾಲು ಶಾಖೆಯ ಹಿರಿಯರ ಗುಲಾಬಿ ಗುಳಿಗೆಯ ಚೀಟಿಯಲ್ಲಿ "ಇದು ನೋವಿಂದಲ್ಲ, ಊತದ್ದು" ಎಂದೂ, ನಕ್ಷೆಗಾರರ ಬಿಳಿ ಗುಳಿಗೆಯ ಚೀಟಿಯಲ್ಲಿ "ಇದು ನೋವಿಂದಲ್ಲ, ಸ್ನಾಯುವಿಂದು" ಎಂದೂ, ಜೀಪು ಚಾಲಕರ ಹಳದಿ ಗುಳಿಗೆಯ ಚೀಟಿಯಲ್ಲಿ "ಇದು ಶೀತದ್ದು ಸಾರ್, ಸೊಂಟಕ್ಕೂ ನಡೆಯುತ್ತೆ" ಎಂದೂ ಬರೆದಿತ್ತು. ನೋವಿನ ಗುಳಿಗೆ ಬೇಡವೆಂದಷ್ಟೇ ತಿಳಿದಿದ್ದ ಪಾಲಕರು, ಇವು ಯಾವುವೂ ನೋವಿನವಲ್ಲವೆಂದು ಲಿಖಿತವಾಗಿ ಖಾತ್ರಿಪಡಿಸಿಕೊಂಡು, ಸಂಜೆಯ ಗಂಟೆಯೊಳಗೆ ಮೂರನ್ನೂ ವಿಲೇವಾರಿ ಮಾಡಿದರು. ಶುಕ್ರವಾರ ಬೆಳಿಗ್ಗೆ ಚೀಟಿಯಿಲ್ಲದ ನಾಲ್ಕನೆಯದೊಂದು ಒಳಗೆ ಹೋಯಿತು. ಅದು ಎಲ್ಲಿಂದ ಬಂತೆಂಬುದು ಈ ಕ್ಷಣದವರೆಗೆ ತಿಳಿದುಬಂದಿಲ್ಲ.

ಶನಿವಾರ ಪಾಲಕರ ಪಾದ ಊದಿ ಚಪ್ಪಲಿಗೆ ಹಿಡಿಸಲಿಲ್ಲ. ರಕ್ತ ಪರೀಕ್ಷೆ ಮಾಡಿಸಲಾಗಿ, ಮೂತ್ರಪಿಂಡ ಸೋತಷ್ಟೂ ಮೇಲೇರುವ ಕ್ರಿಯಾಟಿನಿನ್ ಎಂಬ ಅಂಕಿಯು, ಆರು ವರ್ಷ ೧.೨ರ ಆಸುಪಾಸಿನಲ್ಲಿ ತಣ್ಣಗಿದ್ದದ್ದು, ೨.೧ಕ್ಕೆ ಜಿಗಿದಿತ್ತು. ವೈದ್ಯರು ಕೆಳಸಹಿದಾರರಿಗೆ ವಿವರಿಸಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನೋಡಿ ಅಕ್ಕ, ಕಸಿ ಆದವರ ಆ ಗುಳಿಗೆ ಮೊದಲೇ ಮೂತ್ರಪಿಂಡಕ್ಕೆ ರಕ್ತ ಹೋಗೋ ನಲ್ಲಿನ ಸ್ವಲ್ಪ ಬಿಗಿ ಮಾಡಿರುತ್ತೆ. ಈ ನೋವಿನ ಗುಳಿಗೆ ಬಂದು ಅದೇ ನಲ್ಲಿನ ಇನ್ನೊಂದು ಸುತ್ತು ತಿರುಗಿಸುತ್ತೆ. ನಾಲ್ಕು ಸುತ್ತು ತಿರುಗಿಸಿ ಬಂದಿದ್ದಾನಲ್ಲ ನಿಮ್ಮ ತಮ್ಮ!" ಗುಳಿಗೆ ನಿಲ್ಲಿಸಿ ನಾಲ್ಕು ದಿನ ಕಾಯಬೇಕೆಂದೂ, ಬುಧವಾರದ ಪರೀಕ್ಷೆಯಲ್ಲಿ ಅಂಕಿ ಇಳಿಯದಿದ್ದರೆ ಅಂದೇ ಆಸ್ಪತ್ರೆಗೆ ಸೇರಿಸಿ, ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡಬೇಕಾದೀತೆಂದೂ, ಉಳಿಯುತ್ತದೋ ಇಲ್ಲವೋ ಆಮೇಲೆ ಹೇಳುವುದಾಗಿಯೂ ಅವರು ತಿಳಿಸಿದರು.

ಇಂದು ಬುಧವಾರ. ಬೆಳಿಗ್ಗೆ ರಕ್ತ ಕೊಡಲಾಗಿದೆ. ತಮ್ಮನ ಹೆಂಡತಿಯು ಪರೀಕ್ಷಾಲಯದ ಕಿಟಕಿಯ ಮುಂದೆ ನಿಂತಿದ್ದಾಳೆ. ಮೂರು ಗಂಟೆಗೆ ವರದಿ ಬಂದ ಕೂಡಲೇ ಈ ಶಾಖೆಯ ಫೋನಿಗೆ ತಿಳಿಸುತ್ತಾಳೆ. ಅಲ್ಲಿಯವರೆಗೆ ಕೆಳಸಹಿದಾರರಿಗೆ ಕೈಕಟ್ಟಿ ಕೂರಲಾಗದ ಪ್ರಯುಕ್ತ ಈ ಸುತ್ತೋಲೆಯನ್ನು ಹೇಳಿ ಬರೆಸಲಾಗುತ್ತಿದೆ. ಹೇಳಿದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡತಕ್ಕದ್ದೆಂದು ಬೆರಳಚ್ಚುಗಾರ್ತಿಗೆ ಹೋದ ವರ್ಷ ನೀಡಿದ ಲಿಖಿತ ಆದೇಶವು ಇನ್ನೂ ಜಾರಿಯಲ್ಲಿರುವುದರಿಂದ, ಕೆಳಸಹಿದಾರರ ಬಾಯಿಂದ ಜಾರಿದ ಇತರ ಮಾತುಗಳು ನಡುವೆ ಕಂಡುಬಂದಲ್ಲಿ ಸಿಬ್ಬಂದಿಯು ಅವನ್ನು ಆದೇಶವೆಂದು ಪರಿಗಣಿಸತಕ್ಕದ್ದಲ್ಲ.

ಈ ಹಿನ್ನೆಲೆಯಲ್ಲಿ ಎಲ್ಲ ಶಾಖೆಗಳಿಗೂ ಈ ಮೂಲಕ ಸೂಚಿಸಲಾಗಿದೆ:

೧. ಗುಲಾಬಿ, ಬಿಳಿ, ಹಳದಿ, ಅರ್ಧ ಕೆಂಪು ಅರ್ಧ ನೀಲಿ, ಯಾವ ಬಣ್ಣದ್ದೇ ಇರಲಿ. ಊತದ್ದು, ಸ್ನಾಯುವಿನದ್ದು, ಶೀತದ್ದು, ಹಲ್ಲಿನದ್ದು, "ನಮ್ಮ ಮಾವನಿಗೆ ಕೊಟ್ಟದ್ದು", ಯಾವ ಹೆಸರಿನಿಂದಲೇ ಕರೆಯಲಿ. ಒಳಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಥವಾ ಅವುಗಳ ದಾಯಾದಿಗಳು ಇದ್ದಲ್ಲಿ ಅದು ನೋವಿನ ಗುಳಿಗೆಯೇ ಆಗಿರುತ್ತದೆ. ಪಾಲಕರು ನುಂಗಿದ ಮೂರೂ ಬಣ್ಣದ ಒಳಗೆ ಇದ್ದವರು ಒಂದೇ ವಂಶದವರೆಂದು ಔಷಧಿ ಅಂಗಡಿಯವರು ಲಿಖಿತವಾಗಿ ದೃಢೀಕರಿಸಿದ್ದಾರೆ. ಗುಳಿಗೆ ಪಟ್ಟಿಯ ಮೇಲಿನ ಅಕ್ಷರ ಕಾಣದಿದ್ದರೆ ಭೂತಗನ್ನಡಿಗಾಗಿ ನಕ್ಷೆಗಾರರಿಗೆ ಅರ್ಜಿ ಸಲ್ಲಿಸತಕ್ಕದ್ದು. ನಕ್ಷೆಗಾರರು ಭೂತಗನ್ನಡಿ ಕೊಡತಕ್ಕದ್ದು, ಅದರ ಜೊತೆಗೆ ಗುಳಿಗೆ ಕೊಡತಕ್ಕದ್ದಲ್ಲ.

೨. ಕೆಂಪು ಚೀಟಿಯನ್ನು ಕಾಗದಕ್ಕೆ ಮಾತ್ರ ಅಂಟಿಸತಕ್ಕದ್ದು. ಗುಳಿಗೆ, ಹಣ್ಣು, ಕನ್ನಡಕ, ಛತ್ರಿ ಹಾಗೂ ನೌಕರರಿಗೆ ಅಂಟಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ಚಾಲಕರ ಬೆನ್ನಿಗೆ ಈಗಾಗಲೇ ಅಂಟಿಸಿರುವುದನ್ನು, ಅವರು ತಮ್ಮನ್ನು ತಾವೇ ವಿಲೇವಾರಿ ಮಾಡಿಕೊಂಡು ಮೂರಕ್ಕೇ ಮನೆಗೆ ಹೋಗುವ ಮೊದಲು ಕಿತ್ತು ಹಾಕತಕ್ಕದ್ದು.

೩. ಟಪಾಲು ಶಾಖೆಯ ಚಿಕ್ಕಮ್ಮನವರ ಬಿಸ್ಕತ್ತು ಡಬ್ಬಿಯನ್ನು ಇಬ್ಬರು ಸಾಕ್ಷಿಗಳ ಸಮಕ್ಷಮ ತೆರೆಯಲಾಯಿತು. ಬಿಡಿ ಗುಳಿಗೆಗಳು ಅರವತ್ತೊಂದು, ಅಂಗಿ ಗುಂಡಿಗಳು ಏಳು, ಹಾಲುಹಲ್ಲು ಒಂದು. ಹಿಂದೆ ಗುಂಡಿಗಳು ಹತ್ತು ಇದ್ದವೆಂದು ಚಿಕ್ಕಮ್ಮನವರು ಒಪ್ಪಿಕೊಂಡಿದ್ದಾರೆ. ಉಳಿದ ಮೂರನ್ನು ತಲೆನೋವೆಂದು ಬಂದವರು ನುಂಗಿರುವ ಸಾಧ್ಯತೆಯಿದ್ದು, ಮೂವರಿಗೂ ಗುಣವಾಗಿದೆ. ವಿಚಾರಣೆಯಲ್ಲಿ ಚಿಕ್ಕಮ್ಮನವರು ನೀಡಿದ ಹೇಳಿಕೆ: "ನಾನೇನು ವಿಷ ಹಾಕಿದ್ನಾ? ಮಗು ಗೋಡೆ ಹಿಡ್ಕೊಂಡು ನಿಂತಿತ್ತು. ಐವತ್ತಾದ್ರೂ ಮಗು ಮಗುನೇ. ನೋವು ಅಂದವರಿಗೆ ಏನೂ ಕೊಡದೆ ಸುಮ್ನೆ ಕಳ್ಸೋದು ಹೇಗಮ್ಮ?" ಸದರಿ ಹೇಳಿಕೆಯ ಕೊನೆಯಲ್ಲಿ ಅವರು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನೂ ನಮೂದಿಸಲಾಗಿದೆ. ಗುಳಿಗೆಗಳನ್ನು ಮುಟ್ಟುಗೋಲು ಹಾಕಿಕೊಂಡು, ಗುಂಡಿಗಳನ್ನು ವಿತರಣೆಗಾಗಿ ಅವರ ಬಳಿಯೇ ಬಿಡಲಾಗಿದೆ.

೪. "ಹಾಗಾದ್ರೆ ಆ ಕಾವಲಿನವರ ಗುಳಿಗೆನ ಒಂದೆರಡು ದಿನ ಬಿಟ್ಟು, ಇದನ್ನ ತಗೊಂಡ್ರಾಯ್ತಲ್ಲ?" ಎಂಬ ಸಲಹೆಯು ಮೂರು ಶಾಖೆಗಳಿಂದ ಪ್ರತ್ಯೇಕವಾಗಿ ಬಂದಿರುತ್ತದೆ. ಬಿಟ್ಟರೆ ಕಾವಲಿನವರು ಎಚ್ಚರಗೊಳ್ಳುತ್ತಾರೆ. ಎಚ್ಚರಗೊಂಡರೆ ಕೆಳಸಹಿದಾರರ ಮೂತ್ರಪಿಂಡವನ್ನು ಕತ್ತು ಹಿಡಿದು ಹೊರಗೆ ನೂಕುತ್ತಾರೆ. ಈ ಸಲಹೆಯನ್ನು ತಿರಸ್ಕರಿಸಲಾಗಿದೆ. ಮತ್ತೊಮ್ಮೆ ತಿರಸ್ಕರಿಸಲಾಗಿದೆ. ಇದನ್ನು ಮುಂದೆ ಯಾರಾದರೂ ಬಾಯಿ ಬಿಟ್ಟು ಹೇಳಿದಲ್ಲಿ ಅವರನ್ನು ದಾಖಲೆ ಕೊಠಡಿಯ ಇಲಿ ಎಣಿಕೆ ಕಾರ್ಯಕ್ಕೆ ನಿಯೋಜಿಸಲಾಗುವುದು.

೫. ಅನುಕಂಪವನ್ನು ನಿಷೇಧಿಸಿರುವುದಿಲ್ಲ, ಕ್ರಮಬದ್ಧಗೊಳಿಸಲಾಗಿದೆ. ಪ್ರತಿ ನೌಕರರು ದಿನವೊಂದಕ್ಕೆ ಎರಡು ಬಾರಿ "ಅಯ್ಯೋ ಪಾಪ" ಎನ್ನಬಹುದು. ಬಿಸಿನೀರಿನ ಚೀಲ, ಬೆನ್ನಿಗೊಂದು ದಿಂಬು, ಗಟ್ಟಿ ಕುರ್ಚಿ ಹಾಗೂ ಪಾಲಕರು ತಮ್ಮ ಸೊಂಟದ ಕಥೆಯನ್ನು ಏಳನೇ ಬಾರಿ ಹೇಳುವಾಗ ಮೊದಲ ಬಾರಿ ಕೇಳುವಂತೆ ಕೇಳುವುದು, ಇವಿಷ್ಟಕ್ಕೂ ಅನುಮತಿ ಇದೆ. ನೋವು ತಡೆಯಲಾಗದಿದ್ದಲ್ಲಿ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ನಡೆಯುತ್ತದೆಂದು ವೈದ್ಯರು ತಿಳಿಸಿದ್ದಾರೆ. ಆದರೆ ಅವರನ್ನು ಕೇಳಿ, ಅವರು ಹೇಳಿದಷ್ಟೇ. ಕೇಳುವುದೆಂದರೆ ವೈದ್ಯರನ್ನು ಕೇಳುವುದು. ಚಾಲಕರ ಭಾವಮೈದುನನನ್ನು ಕೇಳುವುದಲ್ಲ.

೬. ಗುಳಿಗೆಯಲ್ಲ, ಬರೀ ಮುಲಾಮು ಎಂಬ ವಾದದೊಂದಿಗೆ ಚಾಲಕರು ಸೋಮವಾರ ಸಿಂಪಡಿಸುವ ಡಬ್ಬಿಯೊಂದನ್ನು ತಂದರು. ಹಚ್ಚುವುದರಲ್ಲೂ ಅದೇ ವಂಶದವರು ಇರುವರಾದ್ದರಿಂದ ಅದನ್ನೂ ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಕೆಳಸಹಿದಾರರು ಸಕಾಲದಲ್ಲಿ ಅಡ್ಡ ಬಂದದ್ದರಿಂದ ಸಿಂಪಡಣೆಯು ಪಾಲಕರಿಗೆ ತಾಗದೆ ಕುರ್ಚಿಯ ಬೆನ್ನಿಗೆ ತಾಗಿತು. ಸದರಿ ಕುರ್ಚಿಗೆ ಈಗ ಯಾವುದೇ ನೋವಿಲ್ಲ.

೭. ಸಮಯ ೨.೫೦. ಫೋನು ರಿಂಗಾಯಿತು. ಕೆಳಸಹಿದಾರರು ಕಿಟಕಿಯ ಬಳಿಯಿಂದ ಮೇಜಿಗೆ, ಬಗ್ಗದ ಮಂಡಿಯ ಸಮೇತ ಹಾರಿ ಎತ್ತಿಕೊಳ್ಳಲಾಗಿ, ಕಳೆದುಹೋದ ತಮ್ಮ ಛತ್ರಿಯ ಕಡತ ಯಾವ ಮೇಜಿನಲ್ಲಿದೆ ಎಂದು ಸಾರ್ವಜನಿಕರೊಬ್ಬರು ವಿಚಾರಿಸಿದರು. ಮುಂದಿನ ಆದೇಶದವರೆಗೆ ಈ ಶಾಖೆಗೆ ಯಾರೂ ಫೋನು ಮಾಡತಕ್ಕದ್ದಲ್ಲ. ಈ ಸೂಚನೆ ತಮಗೆ ತಲುಪಿದೆಯೆಂದು ತಿಳಿಸಲು ಈಗಷ್ಟೇ ಫೋನು ಮಾಡಿದ ಟಪಾಲು ಶಾಖೆಗೆ ಎಚ್ಚರಿಕೆ ನೀಡಲಾಗಿದೆ.

೮. ಪಾಲಕರು ಪೆನ್ನಿಗಿಂತ ಭಾರವಾದ ಯಾವುದನ್ನೂ ಎತ್ತತಕ್ಕದ್ದಲ್ಲ. ಯಾರೂ ಕೇಳದ ಕಟ್ಟುಗಳು ಯಾರಾದರೂ ಕೇಳುವವರೆಗೆ ಮೇಲೆಯೇ ಇರತಕ್ಕದ್ದು. ಗುರುವಾರದ ಕಟ್ಟನ್ನು ನಾಲ್ವರು ಸೇರಿ ವಾಪಸ್ ಏರಿಸಿದ್ದು, ಅದರೊಳಗೆ ಇದ್ದದ್ದು "ಭಾರದ ಕಟ್ಟುಗಳನ್ನು ಒಬ್ಬರೇ ಎತ್ತಬಾರದು" ಎಂಬ ಹಳೆಯ ಸುತ್ತೋಲೆಯ ಇನ್ನೂರು ಪ್ರತಿಗಳೆಂದು ತಿಳಿದುಬಂದಿದೆ.

೯. ಈ ಕಂಡಿಕೆಯಲ್ಲಿ ಚಿಕ್ಕಮ್ಮನವರನ್ನು ಕುರಿತು ಬರೆಸಿದ್ದು ಹೆಚ್ಚಾಯಿತೆನಿಸಿ ಕೈಬಿಡಲಾಗಿದೆ.

೧೦. ನಾಲ್ಕನೆಯ ಗುಳಿಗೆಯ ಬಗ್ಗೆ. ಚೀಟಿಯಿಲ್ಲದೆ, ಹೆಸರಿಲ್ಲದೆ, ಕದ್ದುಮುಚ್ಚಿ ಪಾಲಕರ ಹೊಟ್ಟೆ ಸೇರಿದ ಸದರಿ ಗುಳಿಗೆಯ ಮೂಲವನ್ನು ತಿಳಿಸುವಂತೆ ಸೋಮವಾರ ಪಾಲಕರಿಗೇ ಲಿಖಿತ ಪ್ರಶ್ನೆ ಕಳುಹಿಸಲಾಗಿದ್ದು, ಈವರೆಗೆ ಉತ್ತರ ಬಂದಿರುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ "ಇವತ್ತೇ" ಎಂಬವರು ಬಾಕಿ ಉಳಿಸಿಕೊಂಡ ಏಕೈಕ ಕಾಗದ ಇದಾಗಿರುತ್ತದೆ. ಅವರು ಯಾರನ್ನೋ ಕಾಪಾಡುತ್ತಿರುವುದು ಸ್ಪಷ್ಟ. ಮಿಕ್ಕ ಮೂವರಾದರೂ ಹೆಸರು ಬರೆದು ಕೊಟ್ಟರು. ಈ ನಾಲ್ಕನೆಯವರು ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಸಿಕ್ಕಿದ ದಿನ ಮೆಟ್ಟಿಲ ನಡುಗಟ್ಟೆಯ ಮೇಲೆ ನಿಂತು ಈ ಸುತ್ತೋಲೆಯನ್ನು ಎಲ್ಲರೆದುರು, ಲಗತ್ತುಗಳ ಸಮೇತ, ಗಟ್ಟಿಯಾಗಿ ಓದತಕ್ಕದ್ದು; ಮತ್ತು ತಮ್ಮ ಡ್ರಾಯರಿನ ಕೀಲಿಯನ್ನು ಒಂದು ವರ್ಷ ಕಾಲ ಪಾಲಕರ ವಶಕ್ಕೆ ಒಪ್ಪಿಸತಕ್ಕದ್ದು. ಇದಕ್ಕೆ ಯಾವುದೇ ವಿನಾಯಿತಿ ಇಲ್ಲ. ತಮ್ಮನ್ನು ಬೆನ್ನ ಹಿಂದೆ "ಲಗತ್ತಕ್ಕ" ಎಂದು ಕರೆಯುವುದು ಕೆಳಸಹಿದಾರರಿಗೆ ಗೊತ್ತಿದ್ದು, ಸದರಿ ಅಪರಾಧಿಗಾಗಿಯೇ ಹದಿನೇಳು ಲಗತ್ತುಗಳನ್ನು ಸಿದ್ಧಪಡಿಸಲಾಗಿದೆ.

೧೧. ಸಮಯ ೩.೦೫. ವರದಿ ಬಂದಿಲ್ಲ. ಅಂಕಿ ಇಳಿಯದಿದ್ದಲ್ಲಿ ಕೈಗೊಳ್ಳಬೇಕಾದ ಕ್ರಮದ ಬಗ್ಗೆ: ಕೆಳಸಹಿದಾರರ ಬಳಿ ಇನ್ನೊಂದು ಮೂತ್ರಪಿಂಡ ಬಾಕಿ ಇರುತ್ತದೆ. ಅದನ್ನೂ ತಮ್ಮನಿಗೆ ವರ್ಗಾಯಿಸಲು ಒಪ್ಪಿಗೆ ಇದೆಯೆಂದು ಶನಿವಾರವೇ ವೈದ್ಯರಿಗೆ ತಿಳಿಸಲಾಯಿತು. ನಿಯಮದಲ್ಲಿ ಅವಕಾಶವಿಲ್ಲವೆಂದು ಅವರು ನಕ್ಕರು. ನಗುವಂಥದ್ದು ಏನಿತ್ತೆಂದು ಕೆಳಸಹಿದಾರರಿಗೆ ತಿಳಿಯಲಿಲ್ಲ. ಅಮ್ಮ ಹೋಗುವಾಗ ಇವನ ಕೈಯನ್ನು ತಂದು ಕೆಳಸಹಿದಾರರ ಕೈಯಲ್ಲಿಟ್ಟಳು. ಆಗ ಇವನಿಗೆ ಒಂಬತ್ತು ವರ್ಷ, ಮೂಗು ಒರೆಸಿಕೊಳ್ಳುವುದಕ್ಕೂ ಅಕ್ಕನೇ ಬೇಕಿತ್ತು. ಇದನ್ನು ಟೈಪ್ ಮಾಡುವ ಅಗತ್ಯವಿಲ್ಲ.

೧೨. ಸಮಯ ೩.೧೨. ಫೋನು.

ಹಲೋ. ಹೂಂ. ಹೂಂ, ಹೇಳು. ಎಷ್ಟು? ಕೇಳಿಸ್ತಿಲ್ಲ, ಆ ಕಿಟಕಿಯವನಿಗೆ ಸುಮ್ನಿರೋಕೆ ಹೇಳು. ಒಂದು ಪಾಯಿಂಟ್ ಮೂರಾ? ಸರಿಯಾಗಿ ನೋಡಿ ಹೇಳು, ಮುಂದೆ ಇರೋದು ಒಂದೇ ತಾನೇ, ಎರಡಲ್ಲ ತಾನೇ? ಹೆಸರು ಇವನದೇನಾ? ವಯಸ್ಸು ನೋಡು. ಅಯ್ಯೋ, ಅಕ್ಷರದಲ್ಲಿ ಓದು ಮಾರಾಯ್ತಿ, ಅಕ್ಷರದಲ್ಲಿ! ಒಂದು. ಪಾಯಿಂಟ್. ಮೂರು. ಅಯ್ಯೋ ದೇವರೇ! ಲೇ, ಯಾರ್ರೀ ಅಲ್ಲಿ, ಕೆಳಗೆ ಹೋಗಿ ಅವನನ್ನ ಕರ್ಕೊಂಡು ಬನ್ನಿ! ಇಳೀತು! ಇಳೀತು ಕಣ್ರೀ! ಚಿಕ್ಕಮ್ಮಾ, ಇಳೀತು, ಅಳ್ಬೇಡಿ, ನಿಮ್ಮ ಡಬ್ಬಿ ವಾಪಸ್ ಕೊಡಲ್ಲ, ಆದ್ರೂ ಅಳ್ಬೇಡಿ. ಏನಮ್ಮ, ಇದನ್ನೂ ಟೈಪ್ ಮಾಡ್ತ ಕೂತಿದ್ದೀಯಾ? ಮಾಡು. ದಪ್ಪ ಅಕ್ಷರದಲ್ಲಿ ಮಾಡು.

೧೩. ಸದರಿ ಅಂಕಿಯು ೧.೩, ಅಕ್ಷರದಲ್ಲಿ ಒಂದು ಪಾಯಿಂಟ್ ಮೂರು ಮಾತ್ರ, ಎಂದು ವರದಿಯಾಗಿದ್ದು, ಆಸ್ಪತ್ರೆಗೆ ಸೇರುವ ಅಗತ್ಯವಿಲ್ಲವೆಂದು ವೈದ್ಯರು ಖಚಿತಪಡಿಸಿದ್ದಾರೆ. ತತ್ಸಂಬಂಧ ೩.೧೫ರಿಂದ ೩.೪೦ರವರೆಗೆ ಈ ಮಹಡಿಯಲ್ಲಿ ಉಂಟಾದ ಸದ್ದು ಕ್ರಮಬದ್ಧವೆಂದು ಘೋಷಿಸಲಾಗಿದೆ. ನಕ್ಷೆಗಾರರು ಮೇಜಿನ ಮೇಲೆ ಹತ್ತಿದ್ದನ್ನು ಕರ್ತವ್ಯದ ಭಾಗವೆಂದು ಪರಿಗಣಿಸಲಾಗುವುದು. ಚಾಲಕರು ಕೆಳಸಹಿದಾರರನ್ನು ಕುರ್ಚಿ ಸಮೇತ ಎತ್ತಲು ಯತ್ನಿಸಿದ್ದು ಕಂಡಿಕೆ ೮ರಲ್ಲಿ ಪತ್ತೆಯಾದ ಹಳೆಯ ಸುತ್ತೋಲೆಯ ಉಲ್ಲಂಘನೆಯಾಗಿದ್ದು, ಇದೊಂದು ಸಲ ಮನ್ನಿಸಲಾಗಿದೆ.

೧೪. ೩.೪೫ಕ್ಕೆ ಪಾಲಕರು ಸೊಂಟದ ಮೇಲೆ ಕೈಯಿಟ್ಟುಕೊಂಡು ಎರಡು ಮಹಡಿ ಹತ್ತಿ ಬಂದರು. ನಗಲಿಲ್ಲ, ಕೂರಲಿಲ್ಲ. ಕೆಂಪು ಚೀಟಿ ಅಂಟಿಸಿದ, ಸೋಮವಾರದ ದಿನಾಂಕದ ಕಾಗದವೊಂದನ್ನು ಕೆಳಸಹಿದಾರರ ಮೇಜಿನ ಮೇಲಿಟ್ಟರು. ಕಂಡಿಕೆ ೧೦ರ ಪ್ರಶ್ನೆಗೆ ಉತ್ತರ ಅದು. ಕೊನೆಯ ಕೆಲವು ಸಾಲುಗಳ ಮಸಿ ಇನ್ನೂ ಒಣಗಿರಲಿಲ್ಲ. ಕೆಳಸಹಿದಾರರು ಅದನ್ನು ಗಟ್ಟಿಯಾಗಿ ಓದತೊಡಗಿದ್ದರಿಂದ ಬೆರಳಚ್ಚುಗಾರ್ತಿಯು ಆದೇಶದಂತೆ ಟೈಪ್ ಮಾಡಿರುತ್ತಾರೆ:

"ಅಕ್ಕಾ, ನಾಲ್ಕನೇದು ಯಾರೂ ಕೊಟ್ಟದ್ದಲ್ಲ. ಶುಕ್ರವಾರ ಬೆಳಿಗ್ಗೆ ಗುಂಡುಸೂಜಿ ಹುಡುಕ್ತಾ ನಿನ್ನ ಡ್ರಾಯರ್ ತೆಗೆದೆ. ಮಸಿ ಡಬ್ಬಿ ಕೆಳಗೆ ಒಂದು ಗುಳಿಗೆ ಪಟ್ಟಿ ಇತ್ತು, ಹತ್ತರಲ್ಲಿ ಆರು ಖಾಲಿ. ಅಕ್ಕನ ಡ್ರಾಯರ್‌ನಲ್ಲಿ ಇದೆ ಅಂದ್ಮೇಲೆ ನಂಗೆ ಆಗದೇ ಇರೋದು ಇರುತ್ತಾ ಅಂತ ಒಂದು ನುಂಗಿಬಿಟ್ಟೆ. ಪಾದ ಊದಿದ ಮೇಲೆ ಆ ಹಾಳೆನ ಕಪಾಟಿನ ಬಾಗಿಲಿಂದ ನೀರು ಹಚ್ಚಿ ಬಿಡಿಸಿ ಹಿಂಬದಿ ಓದಿದೆ. ಹಿಂಬದಿ ಇರೋದು ನಿಂಗೆ ಬರೆದದ್ದು. ಮೂತ್ರಪಿಂಡ ಕೊಟ್ಟು ಒಂದೇ ಇಟ್ಕೊಂಡಿರೋರೂ ನೋವಿನ ಗುಳಿಗೆ ಮುಟ್ಟಬಾರದಂತೆ. ಆರು ವರ್ಷ ನೀನು ನನ್ನ ಕಡೆ ಮಾತ್ರ ಓದಿದ್ದೀಯ.

ಇವತ್ತು ಅಂಕಿ ಇಳೀದೇ ಇದ್ದಿದ್ರೆ ಈ ಕಾಗದ ಕೊಡ್ತಾನೇ ಇರ್ಲಿಲ್ಲ. ನನ್ನಿಂದಾನೇ ಆಯ್ತು ಅಂತ ನೀನು ಇರೋವರೆಗೂ ಕೊರಗ್ತಿದ್ದೆ. ಈಗ ಇಳಿದಿದೆ, ಅದಕ್ಕೇ ಧೈರ್ಯವಾಗಿ ಬೈತಿದ್ದೀನಿ. ಮಂಡಿ ನೋಯ್ತಿದ್ರೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ನಂಗೆ ಬೇಕಾದಾಗ ನೀನಿದ್ದೆ. ನಾಳೆ ನಿಂಗೆ ಬೇಕಾದ್ರೆ ನಾನೇನು ಕೊಡ್ಲಿ? ನನ್ನ ಹತ್ರ ಇರೋದೂ ನಿಂದೇ."

೧೫. ಮೇಲ್ಕಂಡ ಕಾಗದವನ್ನು ಕೆಳಸಹಿದಾರರು ಎರಡನೇ ಬಾರಿ ಓದಲು ಯತ್ನಿಸಿದ್ದು, ಅಕ್ಷರ ಕಾಣದ ಪ್ರಯುಕ್ತ ನಕ್ಷೆಗಾರರಿಂದ ಭೂತಗನ್ನಡಿ ಪಡೆಯಲಾಯಿತು. ಭೂತಗನ್ನಡಿಯಿಂದಲೂ ಕಾಣಲಿಲ್ಲ. ತಮ್ಮನು ಕರವಸ್ತ್ರ ಕೊಟ್ಟನು.

೧೬. ಕಂಡಿಕೆ ೧೦ರಲ್ಲಿ ವಿನಾಯಿತಿ ಇಲ್ಲವೆಂದು ಸ್ಪಷ್ಟವಾಗಿ ತಿಳಿಸಿರುವುದರಿಂದ, ಕೆಳಸಹಿದಾರರಿಂದ ಕೆಳಸಹಿದಾರರಿಗೆ ನೋಟಿಸು ಜಾರಿ ಮಾಡಲಾಯಿತು. "ಮಂಡಿ ನೋಯುತ್ತಿತ್ತು, ಹೇಳಿದರೆ ಅವನು ತನಗೆ ಮೂತ್ರಪಿಂಡ ಕೊಟ್ಟದ್ದರಿಂದಲೇ ಎಂದುಕೊಂಡಾನೆಂದು ಹೇಳಲಿಲ್ಲ" ಎಂಬ ಸಮಜಾಯಿಷಿಯನ್ನು ಪರಿಶೀಲಿಸಲಾಗಿ, ತೃಪ್ತಿಕರವಾಗಿಲ್ಲದ್ದರಿಂದ ಕೆಳಸಹಿದಾರರೇ ಅದನ್ನು ತಿರಸ್ಕರಿಸಿದ್ದಾರೆ. ೪.೧೦ಕ್ಕೆ ಮೆಟ್ಟಿಲ ನಡುಗಟ್ಟೆಯ ಮೇಲೆ ಓದುವಿಕೆ ಪ್ರಾರಂಭವಾಯಿತು. ಚಿಕ್ಕಮ್ಮನವರು ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕಂಡಿಕೆ ೩ನ್ನು ಬಿಟ್ಟು ಕಂಡಿಕೆ ೧೦ನ್ನು ಎರಡು ಸಲ ಓದಿಸಿದರು. ಹದಿನೇಳು ಲಗತ್ತುಗಳಲ್ಲಿ ಒಂಬತ್ತನೆಯದು ಮುಗಿಯುವ ಹೊತ್ತಿಗೆ ಸಭೆಯು ಕರುಣೆಯಿಂದ ಮಿಕ್ಕವನ್ನು ಓದಿದಂತೆಯೇ ಭಾವಿಸಲು ಒಪ್ಪಿತು.

೧೭. ಕೆಳಸಹಿದಾರರ ಡ್ರಾಯರಿನ ಕೀಲಿಯನ್ನು ಪಾಲಕರಿಗೆ ಒಪ್ಪಿಸಿ ರಸೀದಿ ಪಡೆಯಲಾಗಿದೆ. ಉಳಿದ ಮೂರು ಗುಳಿಗೆಗಳನ್ನು ಔಷಧಿ ಅಂಗಡಿಗೆ ಹಿಂದಿರುಗಿಸತಕ್ಕದ್ದು. ಸೂಚನಾ ಹಾಳೆಯನ್ನು ಇನ್ನು ಮುಂದೆ ಅಂಟಿಸದೆ, ಎರಡೂ ಬದಿ ಕಾಣುವಂತೆ ದಾರ ಕಟ್ಟಿ ತೂಗುಹಾಕತಕ್ಕದ್ದು. ಕೆಳಸಹಿದಾರರ ಮಂಡಿಯನ್ನು ವೈದ್ಯರಿಗೆ ನಾಳೆ ತೋರಿಸುವುದೆಂದು ತೀರ್ಮಾನಿಸಲಾಗಿತ್ತು. ಪಾಲಕರು ಕೆಂಪು ಚೀಟಿಯೊಂದನ್ನು ತೆಗೆದು, ಕಂಡಿಕೆ ೨ನ್ನು ರಾಜಾರೋಷವಾಗಿ ಉಲ್ಲಂಘಿಸಿ, ಕೆಳಸಹಿದಾರರ ಮಂಡಿಗೇ ಅಂಟಿಸಿದರು. ಆದ್ದರಿಂದ ಕೆಳಸಹಿದಾರರು ಇಂದು ಗಂಟೆ ಬಾರಿಸುವ ಮೊದಲೇ, ತಮ್ಮನ ಜೊತೆ, ಕಚೇರಿಯಿಂದ ಹೊರಡುತ್ತಾರೆ.

ಸಹಿ/-
ಮೇಲ್ವಿಚಾರಕರು, ಕಡತ ಚಲನೆ ಶಾಖೆ
ಹಾಗೂ ಅಕ್ಕ

ಪ್ರತಿಗಳು:
೧. ಟಪಾಲು ಶಾಖೆಯ ಚಿಕ್ಕಮ್ಮನವರಿಗೆ, ಗುಂಡಿ ಏಳು, ಹಾಲುಹಲ್ಲು ಒಂದರ ಸಹಿತ. ಹಲ್ಲು ಯಾರದೆಂದು ತಿಳಿಸುವುದು.
೨. ನಕ್ಷೆಗಾರರಿಗೆ, ಮೇಜಿನಿಂದ ಇಳಿದ ನಂತರ ಓದಿಕೊಳ್ಳಲು.
೩. ಜೀಪು ಚಾಲಕರಿಗೆ, ಇಬ್ಬರನ್ನೂ ಆಸ್ಪತ್ರೆಗೆ ನಿಧಾನವಾಗಿ ಕರೆದೊಯ್ಯುವ ಸೂಚನೆಯೊಂದಿಗೆ. ದಾರಿಯಲ್ಲಿ ಸಲಹೆ ಕೊಡತಕ್ಕದ್ದಲ್ಲ.
೪. ಮೂತ್ರಪಿಂಡ ವೈದ್ಯರಿಗೆ, ಹಿಂಬದಿಯನ್ನು ಓದಲಾಗಿದೆ ಎಂಬ ಮಾಹಿತಿಗಾಗಿ, ಆರು ವರ್ಷ ತಡವಾದುದಕ್ಕೆ ವಿಷಾದದೊಂದಿಗೆ.
೫. ತಮ್ಮನ ಹೆಂಡತಿಗೆ, ಫೋನಿನಲ್ಲಿ ಕಿರುಚಿದ್ದಕ್ಕೆ ಕ್ಷಮೆ ಕೋರಿ.
೬. ಕಚೇರಿ ಪ್ರತಿ.
೭. ಎಡ ಮೂತ್ರಪಿಂಡಕ್ಕೆ, ಹಳೆ ದಾಖಲೆ ಕೊಠಡಿ, ನೆಲಮಹಡಿ.
೮. ಬಲ ಮೂತ್ರಪಿಂಡಕ್ಕೆ, ಕಡತ ಚಲನೆ ಶಾಖೆ, ಎರಡನೇ ಮಹಡಿ. ಕ್ರಮಸಂಖ್ಯೆ ೭ರವರು ನಾಳೆಯೂ ಎಂದಿನಂತೆ ಊಟದ ವಿರಾಮದಲ್ಲಿ ಅಕ್ಕ ತಮ್ಮ ಒಟ್ಟಿಗೆ ಉಣ್ಣುವ ಅದೇ ಬೆಂಚಿಗೆ ಬರುತ್ತಾರೆ, ಜಾಗ ಹಿಡಿದಿಡುವುದು.